ಆ ಮನೆಯ ಚಹಾ ಕುಡಿಯಬಾರದಿತ್ತು

ಬೈಲಹೊಂಗಲದಿಂದ ಹೊರಟ ಬಸ್ಸು ದಾರಿಯಲ್ಲೇ ಕೆಟ್ಟು ನಿಲ್ಲಬಹುದಿತ್ತು. ಸವದತ್ತಿಯ ಮಹಿಳಾ ಮತ್ತು ಮಕ್ಕಳ ಇಲಾಖೆಯ ಕಚೇರಿಯಲ್ಲಿ ನಮಗಾಗಿ ಕಾಯಬೇಕಾಗಿದ್ದ ರಕ್ಷಣಾಧಿಕಾರಿಗೆ ಹಿಂದಿನ ಸಂಜೆಯೇ ವರ್ಗವಾಗಿರಬಹುದಿತ್ತು. ಜೊತೆಗೆ ಬರಬೇಕಾದ ಮಹಿಳಾ ಪೇದೆಯನ್ನು ಹುಣ್ಣಿಮೆಯ ಬಂದೋಬಸ್ತಿಗೆಂದು ಎಲ್ಲಮ್ಮನ ಗುಡ್ಡಕ್ಕೆ ಅಟ್ಟಿರಬಹುದಿತ್ತು. ಕೋರ್ಟಿನ ಆದೇಶದ ಪ್ರತಿಯನ್ನು ನಾನೇ ಬಸ್ಸಿನಲ್ಲಿ ಬಿಟ್ಟು ಇಳಿಯಬಹುದಿತ್ತು. ಅದಕ್ಕೆಂದೇ ಇನ್ನೊಂದು ಪ್ರತಿ ಅಂಗಿಯ ಒಳಜೇಬಿನಲ್ಲಿತ್ತು. ಅದು ಬೆವರಿಗೆ ನೆನೆದು ಮುದ್ದೆಯಾಗಬಹುದಿತ್ತು. ಯರಗಟ್ಟಿಯ ಆ ಮನೆಗೆ ಬೀಗ ಜಡಿದಿರಬಹುದಿತ್ತು. ಬೀಗ ಇಲ್ಲದಿದ್ದರೆ ಇನ್ನೂ ಕಷ್ಟ, ಬಾಗಿಲ ಹಿಂದೆ ನನ್ನ ಅಕ್ಕನ ಮಗಳ ಗಂಡ ನಿಂತಿರಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅವನು ನಗುನಗುತ್ತ ‘ಬರ್ರಿ ಮಾಮಾ’ ಅಂದುಬಿಡಬಹುದಿತ್ತು.

ಚಿಂತೆ ಮಾಡುವುದು ನನಗೆ ಉಸಿರಾಟದಷ್ಟೇ ಸಲೀಸು. “ಮಾಂಡವ ಬೀಳ್ತೈತೇನೋ ಅಂತ ಮ್ಯಾಲ ನೋಡ್ಕೋತ ನನಗ ತಾಳಿ ಕಟ್ಟಿದ್ರಿ ನೀವು,” ಎಂದು ಹೆಂಡತಿ ಇವತ್ತಿಗೂ ಅನ್ನುತ್ತಾಳೆ. ಅದು ಸುಳ್ಳಲ್ಲ. ಹಂದರದ ಒಂದು ಗಳ ಸ್ವಲ್ಪ ವಾಲಿತ್ತು.

ಅಕ್ಕನ ಮಗಳು ನಮ್ಮ ಮನೆಗೆ ಬಂದಾಗ ಅವಳ ಬಲ ಮುಂಗೈ ತಿರುಗುತ್ತಿರಲಿಲ್ಲ. ಎರಡನೆಯ ತರಗತಿಯ ಅವಳ ಮಗಳು ಓಣಿಯಲ್ಲಿ ಯಾರ ಬೈಕಿನ ಸದ್ದಾದರೂ ಮಂಚದ ಕೆಳಗೆ ಸೇರುತ್ತಿದ್ದಳು. ಉಳಿದದ್ದು ರಕ್ಷಣಾಧಿಕಾರಿ ಕೋರ್ಟಿಗೆ ಕೊಟ್ಟ ವರದಿಯಲ್ಲಿದೆ. ನಾನು ಅದನ್ನು ಪೂರ್ತಿ ಓದಿಲ್ಲ. ಓದಬೇಡಿ ಎಂದು ಅಕ್ಕನ ಮಗಳೇ ಹೇಳಿದ್ದಳು.

ಅದಕ್ಕೂ ಮೊದಲು ಎರಡು ಸಲ ಹಿರಿಯರು ಕೂತಿದ್ದರು. ನಮ್ಮ ಕಡೆ ಇಂಥ ರಾಜಿಗೆ ಸಹಿ ಬೇಕಾಗುವುದಿಲ್ಲ, ಚಹಾ ಸಾಕು. ಮಾತು ಏರುತ್ತಿದ್ದಂತೆ ಗಂಡಿನ ತಾಯಿ ಒಳಗಿನಿಂದ ಕಪ್ಪು-ಬಸಿ ತರುತ್ತಾಳೆ. ಹೆಣ್ಣಿನ ಕಡೆಯವರು ಬಸಿಗೆ ಬಗ್ಗಿಸಿಕೊಂಡು ಒಂದು ಗುಟುಕು ಸೊರ್ ಎಂದು ಎಳೆದರೆ ಮುಗಿಯಿತು. ‘ಚಾ ಕುಡದ್ರು, ಒಪ್ಪಿದ್ರು’ ಎಂದು ನಾವು ಬಸ್ ಸ್ಟ್ಯಾಂಡು ಮುಟ್ಟುವುದರೊಳಗೆ ಓಣಿಗೆಲ್ಲ ಗೊತ್ತಾಗಿರುತ್ತದೆ. ಬಂದ ಚಹಾವನ್ನು ಬೇಡ ಎನ್ನಲು ನಮಗೆ ಬರುವುದಿಲ್ಲ. ಎರಡೂ ಸಲ ನಾವು ಕುಡಿದೆವು. ಎರಡೂ ಸಲ ಅಕ್ಕನ ಮಗಳು ಮರಳಿ ಆ ಮನೆಯೊಳಗೆ ಹೋದಳು.

ಮೂರನೆಯ ಸಲ ಅವಳು ಯಾರನ್ನೂ ಕೇಳಲಿಲ್ಲ. ಮಗಳನ್ನು ಕರೆದುಕೊಂಡು ನೇರ ಸವದತ್ತಿಯ ಕಚೇರಿಗೆ ಹೋದಳು, ಅಲ್ಲಿಂದ ನಮ್ಮಲ್ಲಿಗೆ ಬಂದಳು. ನಮ್ಮ ಮನೆಯಲ್ಲೇ ಇರು, ಜೀವ ಉಳಿದರೆ ಸಾಕು ಎಂದು ನಾನು ಅಂದದ್ದಕ್ಕೆ ಅವಳು ಕೇಳಿದ್ದು ಇಷ್ಟೇ: “ಹುಡುಗಿ ಸಾಲಿ ಅಲ್ಲೈತಿ, ನನ್ನ ಹೊಲಿಗಿ ಗಿರಾಕಿ ಅಲ್ಲದಾರ. ಹೊಡದವ ಮನ್ಯಾಗ ಇರಬೇಕು, ಹೊಡಿಸ್ಕೊಂಡಾಕಿ ಊರ ಬಿಡಬೇಕು. ಇದ್ಯಾವ ನ್ಯಾಯ ಮಾಮಾ?”

ಮ್ಯಾಜಿಸ್ಟ್ರೇಟರಿಗೂ ಅದು ನ್ಯಾಯವೆನಿಸಲಿಲ್ಲ. ಪ್ರಕರಣ ಮುಗಿಯುವವರೆಗೆ ಗಂಡ ಆ ಮನೆ ಬಿಟ್ಟು ಬೇರೆ ಕಡೆ ಇರಬೇಕು, ಹೆಂಡತಿಯ ಹತ್ತಿರವಾಗಲಿ ಮಗಳ ಶಾಲೆಯ ಹತ್ತಿರವಾಗಲಿ ಸುಳಿಯಬಾರದು, ತಾಯಿ-ಮಗಳನ್ನು ಯಾರೂ ಅಲ್ಲಿಂದ ಹೊರಹಾಕುವಂತಿಲ್ಲ ಎಂದು ಮಧ್ಯಂತರ ಆದೇಶವಾಯಿತು. ಆದರೆ ಈ ಕಾನೂನಿನಲ್ಲಿ ಹೆಂಗಸರಿಗೆ ಮನೆ ಬಿಡು ಎನ್ನುವಂತಿಲ್ಲ. ಹಾಗಾಗಿ ಅವಳ ಅತ್ತೆ ಅಲ್ಲೇ ಇರುತ್ತಾಳೆ. ಅತ್ತೆ ಇದ್ದಾಳೆಂದರೆ ಚಹಾ ಇದೆ.

ನಾನು ರಕ್ಷಣಾಧಿಕಾರಿಯ ಮುಂದೆ ಇದನ್ನು ತೋಡಿಕೊಂಡೆ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ತಾಳ್ಮೆ ಜಾಸ್ತಿ. “ಕೋರ್ಟ್ ಆರ್ಡರ್ ಐತ್ರಿ ಸರ. ಒಂದು ಕಪ್ ಚಾಕ್ಕ ಅದು ಬಿದ್ದು ಹೋಗೂದಿಲ್ಲ,” ಅಂದರು.

“ಆರ್ಡರ್ ಬೀಳೂದಿಲ್ರಿ ಮೇಡಂ. ನಾವು ಬೀಳತೇವಿ,” ಅಂದೆ.

ಆದ್ದರಿಂದ ಚಹಾದ ಸಾಮಾನೆಲ್ಲ ನಾವೇ ಒಯ್ಯುವುದೆಂದು ತೀರ್ಮಾನಿಸಿದೆ. ನಮ್ಮ ಅಡುಗೆಮನೆಯಿಂದಲೇ ಚೀಲ ತುಂಬಿದೆ: ಕರೆಂಟಿನ ಒಲೆ, ಬೋಗುಣಿ, ಸೋಸುವ ಜಾಳಿಗೆ, ಚಹಾಪುಡಿ, ಶುಂಠಿ, ಕಾಯಿಸಿ ಆರಿಸಿದ ಹಾಲು, ಕಪ್ಪು-ಬಸಿ, ಒಡೆದರೆ ಇರಲೆಂದು ಹೆಚ್ಚಿನದೊಂದು ಕಪ್ಪು-ಬಸಿ. ಅವಳ ಕೋಣೆಗೊಂದು ಹೊಸ ಬೀಗ, ಅದು ಕೆಟ್ಟರೆ ಎಂದು ಇನ್ನೊಂದು. ಕರೆಂಟು ಹೋದರೆ ಎಂದು ಅಟ್ಟದ ಮೇಲಿನ ಹಳೆಯ ಪಂಪಿನ ಸ್ಟೋವನ್ನೂ ಇಳಿಸಿದೆ. “ಅದಕ್ಕ ಎಣ್ಣಿ ಎಲ್ಲಿಂದ ತರ್ತೀರಿ?” ಎಂದು ಹೆಂಡತಿ ಕೇಳಿದಳು. ಆದರೂ ತುಂಬಿದೆ.

ಬಸ್ಸಿನಲ್ಲಿ ಅಕ್ಕನ ಮಗಳು ಚೀಲ ನೋಡಿ, “ಮಾಮಾ, ನಾ ಸಂಸಾರ ಹೂಡಾಕ ಹೊಂಟೇನೋ, ನೀವು ಚಾದಂಗಡಿ ಇಡಾಕ ಹೊಂಟೀರೋ?” ಅಂದಳು. ತಿಂಗಳುಗಳ ಮೇಲೆ ಅವಳು ಮಾಡಿದ ಮೊದಲ ಚೇಷ್ಟೆ ಅದು. ನಾನಾಗ ಟೈರಿನಿಂದ ಬರುತ್ತಿದ್ದ ಒಂದು ಸದ್ದನ್ನು ಕೇಳಿಸಿಕೊಳ್ಳುತ್ತಿದ್ದೆ.

ಬಸ್ಸು ಕೆಡಲಿಲ್ಲ. ಅಧಿಕಾರಿಗೆ ವರ್ಗವಾಗಿರಲಿಲ್ಲ. ಪೇದೆ ನಮಗಿಂತ ಮೊದಲೇ ಬಂದು ಜೀಪಿನಲ್ಲಿ ಕೂತಿದ್ದಳು. ಯರಗಟ್ಟಿಯಲ್ಲಿ ಬಾಗಿಲು ತೆರೆದಿತ್ತು. ಗಂಡ ಹಿಂದಿನ ದಿನವೇ ಬಟ್ಟೆ ಕಟ್ಟಿಕೊಂಡು ರಾಮದುರ್ಗದ ಅಣ್ಣನ ಮನೆಗೆ ಹೋಗಿದ್ದ. ಕಟ್ಟೆಯ ಮೇಲೆ ಅತ್ತೆಯೊಬ್ಬಳೇ ಇದ್ದಳು. ಪೇದೆ ಆದೇಶವನ್ನು ತನ್ನ ಮಾತಿನಲ್ಲಿ ಹೇಳಿದಳು. “ಅಮ್ಮಾರ, ಇವ್ರು ಇನ್ನ ಇಲ್ಲೇ ಇರ್ತಾರ. ನಿಮ್ಮ ಮಗ ಈ ಕಡೆ ಬಂದ್ರ ನಮಗ ಫೋನ್ ಹಚ್ರಿ. ನೀವು ಹಚ್ಚಲಿಲ್ಲಂದ್ರ ಇವ್ರು ಹಚ್ತಾರ.”

ಅತ್ತೆ ಎಲ್ಲ ಕೇಳಿ ಎದ್ದಳು. “ಆತು. ಬಂದೀರಿ, ಕುಂಡ್ರಿ. ಚಾ ಮಾಡತೇನಿ.”

ನಾನು ಚೀಲವನ್ನು ಮುಂದಕ್ಕೆ ತಳ್ಳಿದೆ.

“ಬ್ಯಾಡ್ರಿ ಅತ್ತಿ,” ಅಂದಳು ಅಕ್ಕನ ಮಗಳು. “ಚಾ ನಾ ಮಾಡತೇನಿ.”

ಮುಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಪಕ್ಕ ಒಲೆ ಇಟ್ಟಳು. ಕರೆಂಟು ಇತ್ತು. ಹಾಲು ಒಡೆಯಲಿಲ್ಲ. ಮಗು ಪಾಟಿಚೀಲವನ್ನು ಅದರ ಹಳೆಯ ಮೊಳೆಗೆ ನೇತುಹಾಕಿತು. ಹೊರಗೊಂದು ಬೈಕು ಹೋಯಿತು. ಮಗು ಮಂಚದ ಕಡೆ ನೋಡಿತು, ತಾಯಿಯ ಕಡೆ ನೋಡಿತು, ಅಲ್ಲೇ ಕೂತಿತು.

ಚಹಾ ಕುದಿ ಬಂದಾಗ ಅವಳು ಚೀಲದೊಳಗೆ ಕೈಯಾಡಿಸಿದಳು. “ಮಾಮಾ, ಸಕ್ರಿ?”

ಒಂದು ಬೀಗ ಹೊರಬಂತು. ಇನ್ನೊಂದು ಬೀಗ. ಪಂಪಿನ ಸ್ಟೋ. ಸಕ್ಕರೆ ಇರಲಿಲ್ಲ. ಡಾಕ್ಟರು ನನ್ನ ರಕ್ತ ಪರೀಕ್ಷಿಸಿದಂದಿನಿಂದ ನಮ್ಮ ಅಡುಗೆಮನೆಯಲ್ಲಿ ಆ ಡಬ್ಬಿಯೇ ಇಲ್ಲ. ಇಲ್ಲದ ಡಬ್ಬಿ ನೆನಪಾಗಲಿಲ್ಲ.

ಅತ್ತೆ ಆಗಲೇ ಒಳಬಾಗಿಲಲ್ಲಿ ಸ್ಟೀಲಿನ ಡಬ್ಬಿ ಹಿಡಿದು ನಿಂತಿದ್ದಳು. “ತಗೋವಾ. ಸಕ್ರಿ ಯಾರದಾದ್ರ ಏನಾತು?”

ಎಲ್ಲರೂ ಆ ಡಬ್ಬಿಯನ್ನೇ ನೋಡಿದೆವು.

“ಇರ್ಲಿರಿ ಅತ್ತಿ. ಇವತ್ತ ಹಿಂಗಽ ಕುಡೀತೇವಿ,” ಎಂದು ಅವಳು ಸೋಸಿದಳು. ಅಧಿಕಾರಿ ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟರು. ಪೇದೆ ಒಂದು ಗುಟುಕಿಗೇ ಮುಖ ಕಿವುಚಿ, “ಶುಂಠಿ ಚಲೋ ಬಿದ್ದೈತಿ ಬಿಡ್ರಿ ಅಕ್ಕಾರ,” ಅಂದಳು. ಹೆಚ್ಚಿನ ಕಪ್ಪು ಒಂದಿತ್ತಲ್ಲ, ಅಕ್ಕನ ಮಗಳು ಅದನ್ನು ತುಂಬಿ ಅತ್ತೆಯ ಕಡೆ ಚಾಚಿದಳು.

ಅತ್ತೆ ಕಪ್ಪನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಕೊನೆಗೆ ಬಸಿಗೆ ಬಗ್ಗಿಸಿ ಒಂದು ಗುಟುಕು ಎಳೆದಳು.

“ಸಪ್ಪಗೈತಿ,” ಅಂದಳು.

ಹೌದು, ಸಪ್ಪಗಿತ್ತು. ಆ ದಿನ ತಪ್ಪಿದ್ದು ಅದೊಂದೇ.