ಧೂಳಲ್ಲ, ಹಿಟ್ಟು

ಮೊದಲು ಕಟ್ಟಿದ್ದು ಮೂಗಿನ ಎಡ ಹೊಳ್ಳೆ. ನೆಗಡಿ ಎಂದುಕೊಂಡೆ. ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ ಎನ್ನುತ್ತಾರೆ. ನನ್ನ ಬಾಯಿ ಯಾರೂ ಹಿಡಿಯದೆಯೇ ತೆರೆದಿರುತ್ತಿತ್ತು. ವಡಾಲದ ಚಾಳಿನ ಖೋಲಿಯಲ್ಲಿ ಜೊತೆಗಿದ್ದ ಮಹಿಬೂಬ ಅದನ್ನು ನೋಡಿ ನಗುತ್ತಿದ್ದ. ಇಬ್ಬರೂ ಅಫಜಲಪುರದ ಕಡೆಯವರು, ಒಂದೇ ಫರ್ನಿಚರ್ ಕಾರ್ಖಾನೆಯಲ್ಲಿ ಬಡಿಗರು.

ಒಂದು ಬೆಳಿಗ್ಗೆ ಟವೆಲ್ ತುಂಬ ರಕ್ತ.

ಬಯಾಪ್ಸಿ ಮಾಡಿ ಕ್ಯಾನ್ಸರ್ ಎಂದರು. ಬೀಡಿ ಸೇದದ, ತಂಬಾಕು ಮುಟ್ಟದ ನನಗೆ, ಅದೂ ಮೂಗಿನೊಳಗೆ! ಆಪರೇಶನ್ ಆಯಿತು. ಕೆನ್ನೆ ಒಳಸರಿಯಿತು. ರೇಡಿಯೇಶನ್ ಮುಗಿಯುವ ಹೊತ್ತಿಗೆ ಅನ್ನದ ವಾಸನೆಯೂ ತಿಳಿಯದಾಯಿತು.

ಖೋಲಿಗೆ ಮರಳಿದರೆ ಮಹಿಬೂಬನ ಹಾಸಿಗೆ ಹೊರಗೆ ಪ್ಯಾಸೇಜಿನಲ್ಲಿತ್ತು. ಊಟ ತಂದು ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದ. ಕೆಟ್ಟವನಲ್ಲ. ಊರಲ್ಲಿ ಮಕ್ಕಳಿದ್ದವನು, ಅಂಟೀತೆಂದು ಹೆದರಿದ್ದ. ಇಷ್ಟು ಜನರಿರುವ ಚಾಳಿನಲ್ಲಿ ನನ್ನೊಡನೆ ಮಾತಾಡುವವರು ಯಾರೂ ಇರಲಿಲ್ಲ. ಅವನೊಬ್ಬ ಒಳಗೆ ಬಂದು ಕೂತರೆ ಸಾಕಿತ್ತು.

ಚೆಕಪ್ಪಿಗೆ ಹೋದಾಗ ಮಂಗಳೂರು ಕಡೆಯ ಡಾಕ್ಟರಮ್ಮ ಒಬ್ಬರು ಕರೆದು ಕೂರಿಸಿದರು. ಇಂಥ ಅಪರೂಪದ ಕ್ಯಾನ್ಸರ್ ಯಾಕೆ ಬರುತ್ತದೆಂದು ಹುಡುಕುವುದು ಅವರ ಕೆಲಸ.

"ಧೂಳಿನಲ್ಲಿ ಕೆಲಸ ಮಾಡಿದ್ದುಂಟಾ?"

"ಇಲ್ರೀ. ಧೂಳು ಬೀದ್ಯಾಗ ಇರ್ತದ. ನಾವು ಒಳಗ ಕುಂತು ಮಾಡೋರು."

ಇಲ್ಲ ಎಂದು ಬರೆದುಕೊಂಡರು. ಏಳುವಾಗ ಸುಮ್ಮನೆ ಕೇಳಿದರು, "ಕೆಲಸ ಬಿಟ್ಟ ಕೂಡಲೇ ಮನೆಗೆ ಹೋಗುವುದಾ?"

"ಹ್ಯಾಂಗ್ ಹೋಗೋದ್ರೀ? ಮೊದಲ ಮೈ ಝಾಡಿಸಿ ಹಿಟ್ಟು ಕೆಡವಬೇಕು. ಮೂಗಿನ್ಯಾಗ, ಕಿವ್ಯಾಗ ಎಲ್ಲಾ ಹಿಟ್ಟು."

"ಯಾವ ಹಿಟ್ಟು ಮಾರಾಯ್ರೇ?"

"ಕಟ್ಟಿಗಿ ಹಿಟ್ರೀ. ಸಾಗವಾನಿ ಉಜ್ಜಿದ್ರ ಬೀಳ್ತದಲ್ಲ, ಅದು."

ಅವರು ಮತ್ತೆ ಕುಳಿತರು. ಅದೂ ಧೂಳೇ, ಬಡಿಗರಲ್ಲಿ ಈ ರೋಗ ಹೆಚ್ಚು, ಆದರೆ ನಿಮಗೆ ಅದರಿಂದಲೇ ಬಂತೆಂದು ಖಚಿತವಾಗಿ ಹೇಳಲಾಗದು ಎಂದರು. ನಾನು ಕೇಳಿದ್ದು ಬೇರೆ.

"ಅಂಟ್ತದೇನ್ರೀ?"

"ಇಲ್ಲ, ಇಲ್ಲ. ಒಬ್ಬರಿಂದ ಒಬ್ಬರಿಗೆ ಬರುವ ರೋಗವೇ ಅಲ್ಲ."

ಹಾರ್ಬರ್ ಲೈನ್ ಲೋಕಲ್ ರೈಲಿನಲ್ಲಿ ಆ ಮಾತನ್ನೇ ಹೇಳಿಕೊಳ್ಳುತ್ತ ಬಂದೆ. ಎಷ್ಟೋ ದಿನಗಳ ಮೇಲೆ ಹಸಿವಾಗಿತ್ತು.

ಸಂಜೆ ಮಹಿಬೂಬ ಹೊಸ್ತಿಲಿಗೆ ಬಂದ. "ಇದು ಅಂಟೂದಿಲ್ಲಂತೋ," ಎಂದೆ.

"ಮತ್ತ ಕೈಸಾ ಬಂತು ನಿನಗ?"

ಅವನೂ ಅದೇ ಹಿಟ್ಟಿನಲ್ಲಿ ಕೆಲಸ ಮಾಡುವವನೆಂಬುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಸುಳ್ಳು ಹೇಳಬಹುದಿತ್ತು. ಹಣೆಬರಹ ಎಂದಿದ್ದರೂ ನಂಬುತ್ತಿದ್ದ.

"ಹಿಟ್ಟಿನಿಂದ ಇರಬಹುದಂತ," ಎಂದೆ. "ಮೂಗಿಗೆ ಅರಿವಿ ಕಟ್ಕೊಂಡು ಕೆಲಸಾ ಮಾಡೋ. ಒಮ್ಮೆ ಡಾಕ್ಟರಿಗೆ ತೋರ್ಸು."

ಅವನು ತನ್ನ ಮೂಗು ಮುಟ್ಟಿಕೊಂಡ. ಒಂದು ಹೊಳ್ಳೆ ಒತ್ತಿ ಉಸಿರೆಳೆದ, ಆಮೇಲೆ ಇನ್ನೊಂದು. ನನಗಿಂತ ಮೊದಲು ಕಾರ್ಖಾನೆ ಸೇರಿದವನು. ಹೊಸ್ತಿಲು ದಾಟಿ ಒಳಗೆ ಬಂದು ನನ್ನ ಪಕ್ಕದಲ್ಲೇ, ತೊಡೆಗೆ ತೊಡೆ ತಾಗುವಂತೆ ಕುಳಿತ.

ಅವನಿಗಾಗಿ ನನಗೆ ಭಯವಾಯಿತು. ಆದರೂ ದೇವರು ಕ್ಷಮಿಸಲಿ, ಅವನು ಬಂದು ಕೂತದ್ದು ಎಷ್ಟು ಹಿತವಾಗಿತ್ತು!