ನಡುಮನೆಯಲ್ಲಿ ಅವ್ವನಿಗಿಟ್ಟ ಮೊದಲ ಎಡೆ

ನಂಬುವವರು ನಂಬಿ, ಬಿಡುವವರು ಬಿಡಿ. ನನ್ನ ಗಂಡನೇ ಇವತ್ತಿಗೂ ನಂಬಿಲ್ಲ, ಇನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ಆದರೆ ಆ ಬಾಗಿಲ ಹೊರಗೆ ನಿಂತಿದ್ದವಳು ನಾನು. ಕೇಳಿಸಿಕೊಂಡ ಕಿವಿ ನನ್ನದು.

ನನ್ನ ತವರು ಬಾಳೂರಿನ ಹತ್ತಿರ, ಕಾಫಿ ತೋಟದ ನಡುವಿನ ದೊಡ್ಡಮನೆ. ಬ್ರಿಟಿಷರ ಕಾಲದಲ್ಲಿ ಮುತ್ತಜ್ಜ ಕಟ್ಟಿಸಿದ್ದು. ಹೆಂಚು ಮಂಗಳೂರಿಂದ ಎತ್ತಿನ ಗಾಡಿಯಲ್ಲಿ ಘಾಟಿ ಹತ್ತಿ ಬಂದಿತ್ತಂತೆ. ಮದುವೆ, ಪಂಚಾಯ್ತಿ, ಹೆರಿಗೆ, ಸಾವು ಎಲ್ಲ ನಡೆದಿದ್ದು ಬೀಟೆ ಕಂಬದ ಆ ನಡುಮನೆಯಲ್ಲೇ. ಊರಲ್ಲೆಲ್ಲ ಹೋಂಸ್ಟೇ ಶುರುವಾದ ಕಾಲಕ್ಕೆ ನಮ್ಮಣ್ಣಯ್ಯನಿಗೆ ಮನೆಯನ್ನು ಮ್ಯೂಸಿಯಂ ಮಾಡುವ ಹುಚ್ಚು ಹತ್ತಿತು. ತಾನು ತೋಟದ ಆಚೆ ಹೊಸ ಮನೆ ಕಟ್ಟಿಸಿಕೊಂಡ. ಆಗ ಅವ್ವ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ.

ನಾನು ಒಪ್ಪಿದ್ದು ಒಂದೇ ಮಾತಿನ ಮೇಲೆ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವುದು ಆ ನಡುಮನೆಯಲ್ಲೇ ನಡೆಯಬೇಕು.

"ಅದನ್ನ ಬಿಡೋಕಾಗುತ್ತಾ ಮಾರಾಯ್ತಿ? ಅವ್ವಂಗೆ ಇದು ಮೊದಲ್ನೇ ಎಡೆ" ಅಂದಿದ್ದ ಅಣ್ಣಯ್ಯ.

ನಮ್ಮ ಮನೆತನದ ನಂಬಿಕೆ ಹಾಗೆ. ಸತ್ತವರು ಮೊದಲ ಎಡೆ ಉಂಡರೇನೇ ಹಿರಿಯರ ಸಾಲಿಗೆ ಸೇರುವುದು, ಇಲ್ಲದಿದ್ದರೆ ಹಸಿದುಕೊಂಡು ಅಲೆಯುತ್ತಾರೆ. ಎಲೆ ಬಡಿಸಿ, ಅವರನ್ನು ಕರೆದು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರಬೇಕು. ಅವರು ಉಣ್ಣುವುದನ್ನು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆಯಬೇಕು.

ಎಡೆಯ ದಿನ ನಾನಿರುವ ಮೂಡಿಗೆರೆಯಿಂದ ಬಸ್ಸು ತಡವಾಗಿ, ನಾನು ತಲುಪುವಾಗ ಕತ್ತಲಾಗಿತ್ತು. ಕರೆಂಟೂ ಇರಲಿಲ್ಲ. "ಏನೂ ತರಬೇಡ, ಎಲ್ಲ ನಾವೇ ಮಾಡ್ತೀವಿ" ಅಂತ ಅಣ್ಣಯ್ಯ ಫೋನಲ್ಲೇ ಹೇಳಿದ್ದ. ನಡುಮನೆಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು. ಅವ್ವನ ಎಲೆಯಡಿಕೆ ತಟ್ಟೆಗೂ ನಂಬರಿನ ಚೀಟಿ ಅಂಟಿಸಿದ್ದರು.

ಹಗ್ಗದಾಚೆ ಮಿಣುಕು ದೀಪ. ಸಾಲಾಗಿ ಬಾಳೆಲೆ, ಎಲೆ ತುಂಬ ಅನ್ನ, ಕಡುಬು. ಲೋಬಾನದ ಹೊಗೆ ಎಷ್ಟಿತ್ತೆಂದರೆ ಬೇರೆ ಯಾವ ವಾಸನೆಯೂ ಮೂಗಿಗೆ ತಾಗಲಿಲ್ಲ.

"ಹಗ್ಗ ದಾಟ್ಬೇಡ, ನೆಲ ಪಾಲಿಷ್ ಆಗಿದೆ" ಅಂದ ಅಣ್ಣಯ್ಯ. ಆಮೇಲೆ ಮೆಲ್ಲಗೆ, "ಅವ್ವನ್ನ ನೀನೇ ಕರಿ. ನಿನ್ನ ದನಿ ಅಂದ್ರೆ ಬರ್ತಾಳೆ" ಅಂದ.

ಕರೆದೆ. "ಅವ್ವಾ, ಬಾ... ನಿಂಗಿಷ್ಟದ ಕಡುಬು ಇದೆ, ಉಣ್ಣು ಬಾ..." ಅಣ್ಣಯ್ಯ ಬಾಗಿಲು ಮುಚ್ಚಿದ.

ಜಗಲಿಯಲ್ಲಿ ನಾವಿಬ್ಬರೇ. ಜೀರುಂಡೆ ಸದ್ದು ಬಿಟ್ಟರೆ ಏನೂ ಇಲ್ಲ. ಅಷ್ಟರಲ್ಲಿ... ಒಳಗೆ ಮಣೆ ಸರಿದ ಸದ್ದು. ಯಾರೋ ನೆಮ್ಮದಿಯಾಗಿ ಕೂತುಕೊಂಡ ಹಾಗೆ. ನನಗೆ ಹೆದರಿಕೆಯಾಗಲಿಲ್ಲ, ಖುಷಿಯಾಯಿತು. ಅವ್ವ ಬಂದಳು ಅಂದುಕೊಂಡೆ.

ಕಟ್ಟ್...

ಅನ್ನದಲ್ಲಿ ಕಲ್ಲು ಕಚ್ಚಿದರೆ ಬರುತ್ತದಲ್ಲ, ಅಂಥ ಸದ್ದು.

ಆಮೇಲೆ ತುಂಬ ಹೊತ್ತು ಸದ್ದೇ ಇಲ್ಲ. ಕೊನೆಗೆ ಬಾಗಿಲಿಗೆ ಬಾಯಿ ಹಚ್ಚಿ ಮಾತಾಡಿದಷ್ಟು ಹತ್ತಿರದಲ್ಲಿ ಅವ್ವನ ದನಿ.

"ಯಾಕೆ ಕರೆದೆ ಪುಟ್ಟೀ...?"

ಅಣ್ಣಯ್ಯನ ಕಡೆ ತಿರುಗಿದೆ. "ಅಣ್ಣಯ್ಯ, ಕೇಳ್ತಾ?"

"ಇಲಿ ಕಣೇ" ಅಂದ. ಅವನ ಹಲ್ಲು ಕಟಕಟ ಅನ್ನುತ್ತಿದ್ದವು.

ಕೆಮ್ಮುವುದನ್ನೂ ಮರೆತು ಬಾಗಿಲು ನೂಕಿದೆ. ಒಳಗೆ ಯಾರೂ ಇರಲಿಲ್ಲ. ಹಗ್ಗ ದಾಟಿ ಎಲೆಗೆ ಕೈ ಹಾಕಿದೆ. ಬಾಳೆಲೆ ಪ್ಲಾಸ್ಟಿಕ್ಕು. ಅನ್ನ ಕಲ್ಲಿನಷ್ಟು ಗಟ್ಟಿ, ಕಡುಬೂ ಅಷ್ಟೇ. ಎಲ್ಲ ಪ್ಲಾಸ್ಟರಿನಲ್ಲಿ ಮಾಡಿ ಬಣ್ಣ ಬಳಿದಿದ್ದು.

"ಏನಿದು ಅಣ್ಣಯ್ಯ?"

"ಬಂದೋರಿಗೆ ತೋರ್ಸೋಕೆ ಮಾಡ್ಸಿದ್ದು... ನಿಜವಾದ್ದು ಇಟ್ರೆ ಇರುವೆ, ಇಲಿ ಬಂದು ಹಳೆ ಮರ ಎಲ್ಲ ಹಾಳು. ಕರೆಯೋದು ಮುಖ್ಯ ಅಲ್ವಾ? ಭಕ್ತಿ ಇದ್ರೆ ಸಾಕು ಅಂತ..."

"ಸತ್ತೋರ ಬಾಯಿಗೆ ಮಣ್ಣು ಹಾಕಿದ್ಯಲ್ಲೋ. ಅದೂ ನನ್ನ ಬಾಯಲ್ಲಿ ಕರೆಸಿ."

ದೀಪ ಹಿಡಿದು ನೋಡಿದೆ. ಅವ್ವನಿಗೆಂದು ಇಟ್ಟ ಕೊನೆಯ ಎಲೆಯ ಕಡುಬಿನ ಅಂಚು ಮುರಿದಿತ್ತು, ಮೇಲೆ ಹಲ್ಲಿನ ಗುರುತು. ಮುಟ್ಟಿದರೆ ಒದ್ದೆ. ಇಲಿ ಪ್ಲಾಸ್ಟರ್ ಕಡಿಯುತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ಇಲಿಗೆ ಅಷ್ಟಗಲದ ಬಾಯಿಲ್ಲ.

ಆ ರಾತ್ರಿಯೇ ಜೀಪು ಹಿಡಿದು ಮೂಡಿಗೆರೆಗೆ ವಾಪಸ್ಸಾದೆ. ತವರಿನ ಹೊಸ್ತಿಲು ಮತ್ತೆ ತುಳಿದಿಲ್ಲ. ಆ ಕಡುಬು ಈಗಲೂ ಅಲ್ಲೇ ಇದೆಯಂತೆ. ಮುರಿದ ಕಡೆ ಗೋಡೆಗೆ ತಿರುಗಿಸಿ ಇಟ್ಟಿದ್ದಾರೆ ಅಂತ ಹೋಗಿ ಬಂದವರು ಹೇಳಿದರು. ನಂಬಿಸಿ ಕತ್ತು ಕುಯ್ದವನು ಇನ್ನೇನು ತಾನೇ ಮಾಡುತ್ತಾನೆ.

ಈಗ ವರ್ಷವರ್ಷವೂ ನನ್ನ ಮನೆಯಲ್ಲೇ ಅವ್ವನಿಗೆ ಎಡೆ ಇಡುತ್ತೇನೆ. ನಾನೇ ಅಕ್ಕಿ ಬೀಸಿ, ಬಿಸಿಬಿಸಿ ಕಡುಬು ಬೇಯಿಸಿ, ಕರೆದು, ಬಾಗಿಲು ಮುಚ್ಚಿ ಪಕ್ಕದ ಕೋಣೆಯಲ್ಲಿ ಕೂರುತ್ತೇನೆ. ಅಂಗಳದಲ್ಲಿ ಹೆಜ್ಜೆ ಸದ್ದು ಕೇಳುತ್ತದೆ. ಮೆಟ್ಟಿಲವರೆಗೆ ಬಂದು ನಿಲ್ಲುತ್ತದೆ.

"ಈ ಸಲ ನಿಜವಾದ ಅನ್ನ ಅವ್ವಾ, ನನ್ನಾಣೆ..." ಅನ್ನುತ್ತೇನೆ.

ಒಳಗೆ ಬರುವುದಿಲ್ಲ.