ಒಬ್ಬರ ಅಳತೆಯ ಭಟ್ಟಿ

ನಮ್ಮ ಮನೆಯ ಹಿಂದಿನ ಕೋಣೆಯ ಮೇಜಿನ ಮೇಲೆ ಸೀಮೆಸುಣ್ಣದಿಂದ ಎರಡು ಚೌಕ ಬರೆದು, ಅವನ್ನು ಅಳಿಸಲಾರದೆ ಮೂರು ವಾರ ಕಳೆದೆ. ಒಂದು ದೊಡ್ಡದು, ಹಳೆಯ ಟ್ರಂಕಿನಷ್ಟು. ಇನ್ನೊಂದು ಅದರ ಹೊಟ್ಟೆಯೊಳಗೇ ಕೂತದ್ದು, ಊಟದ ಡಬ್ಬಿಗಿಂತ ತುಸು ಅಗಲ. ಬಾಗಲಕೋಟೆಯ ನವನಗರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ನನಗೆ ಅಳತೆಯೇನೂ ಹೊಸದಲ್ಲ. ಆದರೂ ಗಾಜಿನ ಮಣಿಗೆ ಯಾವ ಗಾತ್ರದ ಭಟ್ಟಿ ಬೇಕೆಂಬ ಸಣ್ಣ ಪ್ರಶ್ನೆ ನನ್ನನ್ನು ಅಷ್ಟು ದಿನ ಕಾಡಿತೆಂದರೆ, ಅದರಲ್ಲಿ ಭಟ್ಟಿಗಿಂತ ಬೇರೆ ಏನೋ ಇತ್ತೆಂದು ನೀವು ಆಗಲೇ ಊಹಿಸಿರಬಹುದು.

ಮಣಿ ಮಾಡುವುದನ್ನು ನಾವಿಬ್ಬರು ಕೂಡಿಯೇ ಕಲಿತದ್ದು. ಇನ್ನೊಬ್ಬಳು ಗಿರಿಜಾ, ಇಳಕಲ್ಲಿನವಳು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಕುಪ್ಪಸದ ದಾರಕ್ಕೆ ಕಟ್ಟಲು ಒಳ್ಳೆಯ ಮಣಿ ಸಿಗುವುದಿಲ್ಲವೆಂದು ಅವಳು ಗೊಣಗಿದ್ದೇ ನೆಪವಾಗಿ, ಪ್ರಯೋಗಶಾಲೆಯ ಧೈರ್ಯದಿಂದ ನಾನೊಂದು ಗ್ಯಾಸ್ ಬರ್ನರ್ ತಂದೆ. ಆರು ವರ್ಷ ನಮಗೆ ಭಾನುವಾರವೆಂದರೆ ಅದೇ: ಬಣ್ಣದ ಗಾಜಿನ ಕಡ್ಡಿಯನ್ನು ಉರಿಗೆ ಹಿಡಿದು, ಅದು ಜೇನಿನಂತೆ ಇಳಿಯುವಾಗ ಉಕ್ಕಿನ ತಂತಿಗೆ ಸುತ್ತಿ, ಬಿಸಿ ಬೂದಿಯ ಗಡಿಗೆಯಲ್ಲಿ ಹುಗಿದಿಡುವುದು. ಹೊರಮೈ ಬೇಗ ಆರಿ ಒಳಗಿನ ಬಿಸಿ ಹಾಗೇ ಉಳಿದರೆ ಮಣಿ ತನ್ನೊಳಗೇ ಜಗ್ಗಾಡಿ ಸೀಳುತ್ತದೆ. ಹತ್ತಕ್ಕೆ ನಾಲ್ಕು ಹಾಗೆ ಹೋಗುತ್ತಿದ್ದವು. ಕರೆಂಟಿನ ಭಟ್ಟಿ ಇದ್ದರೆ ಅದು ಮಣಿಯನ್ನು ಒಂದೇ ಬಿಸಿಯಲ್ಲಿ ಹಿಡಿದಿಟ್ಟು, ಆಮೇಲೆ ತಾಸುಗಟ್ಟಲೆ ಮೆಲ್ಲಗೆ ಆರಿಸುತ್ತದೆ. ಎರಡು ಬಾಗಿಲಿನ ದೊಡ್ಡದೇ ತರೋಣ, ಒಂದು ಬಾಗಿಲು ನಿನಗೆ, ಒಂದು ನನಗೆ ಎಂದು ಮಾತಾಡಿಕೊಂಡಿದ್ದೆವು.

ಅಷ್ಟರಲ್ಲಿ ಬಾದಾಮಿಯಿಂದ ಗಿರಿಜಾಗೊಂದು ಸಂಬಂಧ ಬಂತು. ಕಚೇರಿಯೊಂದರಲ್ಲಿ ಗುಮಾಸ್ತರು, ಹೆಂಡತಿ ತೀರಿಕೊಂಡವರು, ಮೆಲುಮಾತಿನವರು. ನಲವತ್ತಾರನೇ ವಯಸ್ಸಿಗೆ ಮದುವೆಯಾದರೆ ಮಂದಿ ಏನಂದಾರು ಎಂದು ಅವಳು ಹಿಂಜರಿದಾಗ, ಹೂಂ ಅನ್ನು ಎಂದು ಬೆನ್ನು ಹತ್ತಿದವಳು ನಾನೇ. ಮದುವೆಯ ದಿನ ಅವಳ ಸೀರೆಯ ನೆರಿಗೆ ಹಿಡಿದವಳೂ ನಾನೇ. ಬಾದಾಮಿ ಏನು ದೂರ ಎಂದು ಎಲ್ಲರೂ ಅಂದರು, ನಾನೂ ಅಂದೆ. ಮೊದಲ ತಿಂಗಳು ಎರಡು ಭಾನುವಾರ ಬಂದಳು, ಆಮೇಲೆ ಒಂದು, ಆಮೇಲೆ ಬರೀ ಫೋನು. ಯಾರ ತಪ್ಪೂ ಇಲ್ಲದ ಅಗಲಿಕೆಯಲ್ಲಿ ಸಿಟ್ಟಾಗಲು ಯಾರೂ ಸಿಗುವುದಿಲ್ಲ. ಮದುವೆ ಬೇಡವೆಂದು ನಾನಾಗಿಯೇ ಒಬ್ಬಳೇ ಉಳಿದವಳು, ಅದನ್ನು ಸ್ವಾತಂತ್ರ್ಯವೆಂದು ಬಗೆದವಳು. ಒಂಟಿತನದ ಮುಖವನ್ನು ಮೊದಲ ಸಲ ಕಂಡದ್ದು ಗಿರಿಜಾ ಹೋದ ಮೇಲೆ.

ಹುಬ್ಬಳ್ಳಿಯಲ್ಲಿ ಭಟ್ಟಿ ಮಾಡಿಕೊಡುವ ಹಿರಿಯರೊಬ್ಬರಿದ್ದಾರೆಂದು ತಿಳಿದು, ರಜೆಯಿದ್ದ ದಿನ ಹೋದೆ. ಅವರ ಶೆಡ್ಡಿನಲ್ಲಿ ಎರಡೂ ಗಾತ್ರದವು ಪಕ್ಕಪಕ್ಕದಲ್ಲಿ ಕೂತಿದ್ದವು. ಅವರು ಮಣಿ ಸುತ್ತುವ ನನ್ನ ತಂತಿಯ ಉದ್ದ ಅಳೆದರು, ಮನೆಯ ಲೈನು ಎಷ್ಟು ಕರೆಂಟು ತಾಳುತ್ತದೆಂದು ವಿಚಾರಿಸಿದರು, ಮಣಿಗೆ ನಾಲ್ಕು ಬೆರಳಿನ ಎತ್ತರ ಸಾಕು, ಉಳಿದದ್ದು ಗಾಳಿಯನ್ನು ಕಾಯಿಸಿದಂತೆ ಎಂದು ತಿಳಿಸಿ ಹೇಳಿದರು. ಕೊನೆಗೆ ಕೇಳಿದರು, “ಒಮ್ಮೆಗೆ ಎಷ್ಟು ಮಂದಿ ಕೂಡ್ತೀರಿ ಅಕ್ಕಾರ, ಕೆಲಸಕ್ಕ?”

“ಇಬ್ಬರು,” ಅಂದುಬಿಟ್ಟೆ.

ಹಾಗಿದ್ದರೆ ದೊಡ್ಡದೇ ಬೇಕಾಗುತ್ತದೆ ಎಂದು ಅವರು ಪೆನ್ನು ತೆಗೆದರು. ನಾಳೆ ಫೋನ್ ಮಾಡಿ ಹೇಳುತ್ತೇನೆಂದು ತಪ್ಪಿಸಿಕೊಂಡು ಬಂದೆ.

ಮರಳುವಾಗ ರೈಲು ಬಾದಾಮಿಯಲ್ಲಿ ನಿಂತಿತು; ಯೋಚಿಸುವಷ್ಟರಲ್ಲಿ ಇಳಿದಿದ್ದೆ. ಗಿರಿಜಾಳ ಗಂಡನೇ ಬಾಗಿಲು ತೆರೆದರು, ಚಹಾ ಮಾಡಿ ತಂದಿಟ್ಟರು, ನಾವು ಮಾತಾಡಿಕೊಳ್ಳಲೆಂದು ಪೇಟೆಯ ಕಡೆ ಹೋದರು. ಅವಳ ಬೆರಳ ತುದಿಯ ಸುಟ್ಟ ಕಲೆಗಳು ಮಾಸಿದ್ದವು. ನಾನು ಎರಡೂ ಭಟ್ಟಿಗಳ ವಿಷಯ ಹೇಳಿ, ದೊಡ್ಡದನ್ನೇ ತರುತ್ತೇನೆ, ಮುಂದೆ ಬೇಕಾಗುತ್ತದಲ್ಲ ಎಂದೆ. ಅವಳು ಕಪ್ಪನ್ನು ಕೆಳಗಿಟ್ಟಳು.

“ಅಕ್ಕಾ, ನನ್ನ ಸಲುವಾಗಿ ದೊಡ್ಡದು ತಗೋಬ್ಯಾಡ,” ಅಂದಳು. “ಫೋನಿನ್ಯಾಗ ಬರ್ತೇನಿ, ಬರ್ತೇನಿ ಅಂತೇನಿ. ಆದ್ರ ನನಗ ಬರೂದಾಗೂದಿಲ್ಲ. ಖರೆ ಹೇಳಬೇಕಂದ್ರ, ಐತವಾರ ಇಲ್ಲೇ ಇರಬೇಕು ಅನಸ್ತದ.”

ಹೇಳಿ ಅವಳೇ ಅತ್ತಳು. ನಾನು ಅಳಲಿಲ್ಲ, ಗೊತ್ತಾಯಿತು ಬಿಡು ಎಂದು ಅವಳ ಬೆನ್ನು ಸವರಿ ಸ್ಟೇಶನ್ನಿಗೆ ಬಂದೆ. ಕಲ್ಲಿನ ಬೆಂಚಿನ ಮೇಲೆ ಮುಂದಿನ ರೈಲಿಗಾಗಿ ಕೂತಾಗ ಹೊಳೆಯಿತು: ನಮ್ಮ ಮಾತಿನಲ್ಲಿ ಬಿಸಿಯಾಗುವುದಕ್ಕೂ ದಾರಿ ನೋಡುವುದಕ್ಕೂ ಒಂದೇ ಶಬ್ದ, ಕಾಯುವುದು. ನನ್ನ ಮನಸ್ಸು ನೋಯಬಾರದೆಂದು ಅವಳು ಇವತ್ತೂ ಒಂದು ಸುಳ್ಳು ಹೇಳಿದ್ದರೆ, ಭಟ್ಟಿಯ ಖಾಲಿ ಅರ್ಧವನ್ನು ನಾನು ವರ್ಷಗಟ್ಟಲೆ ಕಾಯಿಸುತ್ತಿದ್ದೆ, ಕಾಯುತ್ತಿದ್ದೆ. ಎದುರಿನ ಕೆಂಪು ಬೆಟ್ಟದ ಮೇಲಿಂದ ಬಿಸಿಲು ಸರಿದು ಹೋಗುವವರೆಗೂ ಅಲ್ಲೇ ಕೂತೆ. ಆಮೇಲೆ ಹುಬ್ಬಳ್ಳಿಯವರಿಗೆ ಫೋನ್ ಮಾಡಿ, ಸಣ್ಣದು ಸಾಕು, ಕೆಲಸಕ್ಕೆ ಕೂಡುವವಳು ನಾನೊಬ್ಬಳೇ ಎಂದು ಹೇಳಿದೆ.

ಭಟ್ಟಿ ಬಂದ ಮೊದಲ ಭಾನುವಾರ ಹದಿನಾಲ್ಕು ಮಣಿ ಮಾಡಿ ಒಳಗಿಟ್ಟೆ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದಾಗ ಹದಿನಾಲ್ಕೂ ಗಟ್ಟಿಯಾಗಿದ್ದವು, ಒಂದಕ್ಕೂ ಕೂದಲೆಳೆಯಷ್ಟು ಬಿರುಕಿಲ್ಲ. ಕೂಗಿ ಕರೆಯಲು ಬಾಯಿ ತೆರೆದವಳು ಹಾಗೇ ನಿಂತೆ. ಆಮೇಲೆ ಅವನ್ನು ತೊಳೆದು, ದಾರಕ್ಕೆ ಪೋಣಿಸಿ, ಕೊರಳಿಗೆ ಹಾಕಿಕೊಂಡು ಶಾಲೆಗೆ ಹೋದೆ.

ಸ್ಟಾಫ್ ರೂಮಿನಲ್ಲಿ ಗಣಿತದ ಟೀಚರು ಸರವನ್ನು ಬೆರಳಿಂದ ಎತ್ತಿ ನೋಡಿ, ಎಲ್ಲಿ ತಗೊಂಡಿರಿ ಎಂದು ಕೇಳಿದರು. ಯಾರು ಕೇಳಿದರೂ ಆರು ವರ್ಷ ‘ನಾವು ಮಾಡಿದ್ದು’ ಎಂದೇ ಹೇಳುತ್ತ ಬಂದಿದ್ದೆ.

“ನಾ ಮಾಡೀನ್ರಿ,” ಅಂದೆ.

ಭಾಳ ಚಂದ ಆಗ್ಯಾವ ಎಂದು ಅವರು ಮೆಚ್ಚಿದರು. ನನಗೂ ಕಲಿಸಿರಿ ಎಂದು ಅವರು ಕೇಳಲಿಲ್ಲ. ಮನೆಗೆ ಬರ್ರಿ ಎಂದು ನಾನೂ ಕರೆಯಲಿಲ್ಲ. ಗಂಟೆ ಹೊಡೆಯಿತು. ಹಾಜರಿ ಪುಸ್ತಕ ಎತ್ತಿಕೊಂಡು ಎಂಟನೇ ತರಗತಿಗೆ ನಡೆದೆ.